ಡಾಂಬರು ರಸ್ತೆ ಏಕೆ ಕೆಡುತ್ತದೆ?

(ಮುಂಬಯಿಯಲ್ಲಿ ಸಂಘದ ಮಹಿಳಾ ವಿಭಾಗದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ವಚನ ಸಾಹಿತ್ಯ, ಆರೋಗ್ಯ, ಉಳಿತಾಯ ಇಂಥ ವಿಷಯಗಳ ಮೇಲೆ ಒಳ್ಳೊಳ್ಳೆಯ ಉಪನ್ಯಾಸಗಳು ನಡೆದಿವೆ. ಈ ಸಲ ನನಗೆ ‘ನಿಮ್ಮ ಕೆಲಸದ ಬಗ್ಗೆಯೇ ಮಾತಾಡಿ’ ಎಂದು ಹೇಳಿದರು. ರಸ್ತೆಯ ಗುಂಡಿಯ ಬಗ್ಗೆ ಅರ್ಧ ಗಂಟೆ ಯಾರು ಕೂತು ಕೇಳುತ್ತಾರೆ ಎಂದೆ. ‘ಈ ಊರಿನಲ್ಲಿ ಗುಂಡಿಗೆ ಬೀಳದವರು ಯಾರಿದ್ದಾರೆ ಹೇಳಿ’ ಎಂದರು ಕಾರ್ಯದರ್ಶಿಯವರು. ಹಾಗಾಗಿ ಧೈರ್ಯ ಮಾಡಿ ಬಂದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಕಡೆ. ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಮುಂಬಯಿಗೆ ಬಂದು, ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ರಸ್ತೆಯ ಸಾಮಗ್ರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ರಸ್ತೆ ಕಟ್ಟುವವರು ಬೇರೆ, ನಾವು ಬೇರೆ. ಕಟ್ಟಿದ ರಸ್ತೆ ಅವಧಿಗೆ ಮೊದಲೇ ಕೆಟ್ಟಾಗ ಏಕೆ ಕೆಟ್ಟಿತು ಎಂದು ಹುಡುಕಿ ವರದಿ ಕೊಡುವುದು ನಮ್ಮ ಕೆಲಸ.

ಇದು ಬರೀ ಸೊಂಟನೋವಿನ ವಿಷಯವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಗುಂಡಿಗಳಿಂದಾದ ಅಪಘಾತಗಳಲ್ಲಿ 1,856 ಜನ ಸತ್ತಿದ್ದಾರೆ. ಗುಂಡಿಯ ಏಟು ಹೆಚ್ಚಾಗಿ ತಟ್ಟುವುದು ದ್ವಿಚಕ್ರ ವಾಹನದವರಿಗೆ. ಅದರಲ್ಲೂ ಸೀರೆಯುಟ್ಟು, ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಮಗು ಅಥವಾ ಚೀಲ ಇಟ್ಟುಕೊಂಡು ಹಿಂದೆ ಕೂತ ಹೆಂಗಸಿಗೆ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ಆದ್ದರಿಂದ ಈ ವಿಷಯ ಮಹಿಳಾ ವಿಭಾಗದಲ್ಲಿ ಮಾತಾಡಬೇಕಾದದ್ದೇ.

ಮೊದಲು ರಸ್ತೆ ಎಂದರೇನು ಎಂದು ನೋಡೋಣ. ನಮ್ಮ ಕಣ್ಣಿಗೆ ಕಾಣುವುದು ಮೇಲಿನ ಕಪ್ಪು ಪದರ ಮಾತ್ರ. ಅದರ ಅಡಿಯಲ್ಲಿ ಇನ್ನೂ ಮೂರು ನಾಲ್ಕು ಪದರಗಳಿರುತ್ತವೆ. ಎಲ್ಲಕ್ಕಿಂತ ಕೆಳಗೆ ಆ ಜಾಗದ ಮಣ್ಣು. ಅದನ್ನು ಹದವಾಗಿ ನೀರು ಹಾಕಿ ರೋಲರ್‌ನಿಂದ ಗಟ್ಟಿ ಮಾಡಿರಬೇಕು. ಅದರ ಮೇಲೆ ನೀರು ಬಸಿದು ಹೋಗುವಂಥ ಒರಟು ಜಲ್ಲಿ, ಅದರ ಮೇಲೆ ದಪ್ಪ ಸಣ್ಣ ಎಲ್ಲ ಅಳತೆಯ ಜಲ್ಲಿ ಬೆರೆಸಿದ ಗಟ್ಟಿ ಪದರ. ಆಮೇಲೆ ಡಾಂಬರು ಬೆರೆಸಿದ ಜಲ್ಲಿಯ ಒಂದೆರಡು ಪದರ. ಲಾರಿಯ ಚಕ್ರದ ಭಾರ ಮೇಲಿನಿಂದ ಕೆಳಗೆ ಹೋದಂತೆ ಅಗಲವಾಗಿ ಹರಡಿಕೊಂಡು ಕಡಿಮೆಯಾಗುತ್ತಾ ಹೋಗಿ, ಮಣ್ಣು ತಾಳುವಷ್ಟೇ ಭಾರ ಮಣ್ಣಿಗೆ ತಲುಪಬೇಕು. ಇದೇ ರಸ್ತೆಯ ಗುಟ್ಟು.

ಇನ್ನು ಡಾಂಬರು. ನಾವೆಲ್ಲ ಟಾರ್ ರೋಡ್ ಎನ್ನುತ್ತೇವೆ. ಟಾರ್ ಕಲ್ಲಿದ್ದಲಿನಿಂದ ಬರುತ್ತಿತ್ತು. ಇಂದು ಹಾಕುವುದು ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಕೊನೆಗೆ ಉಳಿಯುವ ಬಿಟುಮೆನ್. ನೂರು ಕಿಲೋ ಮಿಶ್ರಣದಲ್ಲಿ ಐದು, ಐದೂವರೆ ಕಿಲೋದಷ್ಟೇ ಬಿಟುಮೆನ್, ಉಳಿದದ್ದೆಲ್ಲ ಕಲ್ಲು. ಚುರುಮುರಿ ಉಂಡೆಗೆ ಬೆಲ್ಲದ ಪಾಕ ಇದ್ದ ಹಾಗೆ. ಪಾಕ ಕಡಿಮೆಯಾದರೆ ಉಂಡೆ ಕಟ್ಟುವುದಿಲ್ಲ. ಹೆಚ್ಚು ಕಾಯಿಸಿದರೆ ಪೆಡಸಾಗಿ ಒಡೆಯುತ್ತದೆ. ಆರಿದ ಮೇಲೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ರಸ್ತೆಯದೂ ಇದೇ ಕಥೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ವಿಜಿ-30 ಎಂಬ ಬಿಟುಮೆನ್ನಿನ ಮಿಶ್ರಣವನ್ನು 150ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಿಸಬೇಕು. ಹಾಸುವಾಗ 140 ಡಿಗ್ರಿಗೆ ಕಡಿಮೆ ಇರಬಾರದು. ರೋಲರ್ ಓಡಿಸುವುದು 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಮುಂಬಯಿಯ ಟ್ರಾಫಿಕ್ಕಿನಲ್ಲಿ ಎರಡು ತಾಸು ನಿಂತ ಡಂಪರಿನಲ್ಲಿ, ತಾಡಪಾಲು ಕೂಡ ಹೊದಿಸದೆ ತಂದ ಮಿಶ್ರಣದ ಗತಿ ಏನಾಗಿರುತ್ತದೆ ಎಂದು ನೀವೇ ಊಹಿಸಿ.

ರೋಲರ್ ಏಕೆ ಅಷ್ಟು ಮುಖ್ಯ? ಮಿಶ್ರಣದ ಒಳಗೆ ಸ್ವಲ್ಪ ಗಾಳಿಯ ಜಾಗ ಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಬಿಟುಮೆನ್ ಹಿಗ್ಗಿ ಮೇಲಕ್ಕೆ ಜಿನುಗುತ್ತದೆ. ಪ್ರಯೋಗಾಲಯದಲ್ಲಿ ವಿನ್ಯಾಸ ಮಾಡುವಾಗ ಇದನ್ನು ಶೇಕಡಾ 3ರಿಂದ 5 ಇಡುತ್ತೇವೆ. ಹಾಸಿದ ರಸ್ತೆಯಲ್ಲಿ ಅದು ಶೇಕಡಾ 8ನ್ನು ಮೀರಿದರೆ ಆ ಸಣ್ಣ ತೂತುಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತವೆ. ಮೇಲಿನಿಂದ ನೋಡಿದರೆ ರಸ್ತೆ ಕಪ್ಪಗೆ, ಚೆನ್ನಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಅದು ಜರಡಿ.

ಕೆಟ್ಟ ರಸ್ತೆಯ ಹತ್ತಿರ ಹೋದಾಗ ನಾವು ಮೊದಲು ಯಂತ್ರ ಇಳಿಸುವುದಿಲ್ಲ. ನಡೆಯುತ್ತೇವೆ. ಬಿರುಕುಗಳಿಗೆ ಒಂದು ಭಾಷೆ ಇದೆ. ಚಕ್ರ ಓಡಾಡುವ ಜಾಡಿನಲ್ಲಿ ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ಚೌಕಗಳ ಬಿರುಕು ಕಂಡರೆ, ಡಾಂಬರು ಪದರ ಮತ್ತೆ ಮತ್ತೆ ಬಾಗಿ ದಣಿದಿದೆ ಎಂದರ್ಥ. ಸಾಮಾನ್ಯವಾಗಿ ಈ ಬಿರುಕು ಪದರದ ಅಡಿಯಲ್ಲಿ ಹುಟ್ಟಿ ಮೇಲಕ್ಕೆ ಬರುತ್ತದೆ. ಆದ್ದರಿಂದ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಜಾಡು ತೊಟ್ಟಿಲಿನಂತೆ ತಗ್ಗಾಗಿದ್ದರೆ ಮಿಶ್ರಣ ಮೆತ್ತಗಿರಬಹುದು, ಇಲ್ಲವೇ ಅಡಿಯ ಮಣ್ಣು ಕುಸಿದಿರಬಹುದು. ಬಸ್ ನಿಲ್ದಾಣದ ಮುಂದೆ ಡಾಂಬರು ಅಲೆ ಅಲೆಯಾಗಿ ಮುಂದಕ್ಕೆ ಸರಿದಿದ್ದರೆ ಅದು ಭಾರದ ವಾಹನಗಳ ಬ್ರೇಕಿನ ತಳ್ಳು. ಮೇಲಿನ ಜಲ್ಲಿ ಒಂದೊಂದಾಗಿ ಕಿತ್ತು ಬರುತ್ತಿದ್ದರೆ ಬಿಟುಮೆನ್ ಕಡಿಮೆ ಬಿದ್ದಿದೆ, ಅಥವಾ ಮಿಶ್ರಣ ಸುಟ್ಟಿದೆ, ಅಥವಾ ಆರಿದ ಮೇಲೆ ಹಾಸಿದ್ದಾರೆ. ಮೇಲಿನ ಪದರ ರೊಟ್ಟಿಯ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದರೆ ಎರಡು ಪದರಗಳ ನಡುವಿನ ಅಂಟು ಸಾಲದಾಗಿದೆ. ಹಳೆಯ ಪದರದ ಮೇಲೆ ಹೊಸದನ್ನು ಹಾಸುವ ಮೊದಲು ಧೂಳು ಗುಡಿಸಿ, ಚದರ ಮೀಟರಿಗೆ ಕಾಲು ಕಿಲೋದಷ್ಟು ತೆಳ್ಳನೆಯ ಬಿಟುಮೆನ್ ದ್ರಾವಣ ಸಿಂಪಡಿಸಬೇಕು. ರಾತ್ರಿಯ ಅವಸರದಲ್ಲಿ ಎಷ್ಟೋ ಕಡೆ ಈ ಕೆಲಸ ತಪ್ಪಿಹೋಗುತ್ತದೆ.

ಕಾರಣಗಳನ್ನು ಒಟ್ಟು ಮಾಡಿ ಹೇಳುವುದಾದರೆ ಮುಖ್ಯವಾದವು ನಾಲ್ಕು: ನೀರು, ಭಾರ, ಮಣ್ಣು, ಮನುಷ್ಯನ ಕೆಲಸ.

ಭಾರದ ಲೆಕ್ಕ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ನೋಡಿದರು. ಆ ಪರೀಕ್ಷೆಯಿಂದ ಹೊರಬಂದ ಸೂತ್ರವನ್ನು ನಾವು ಇಂದಿಗೂ ಬಳಸುತ್ತೇವೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. 2018ರಲ್ಲಿ ನಮ್ಮ ಸರ್ಕಾರ ಲಾರಿಯ ನಾಲ್ಕು ಚಕ್ರದ ಒಂದು ಅಚ್ಚಿನ ಮೇಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿಕೆ ಸಣ್ಣದಾಗಿ ಕಾಣುತ್ತದೆ. ಆದರೆ ಈ ಸೂತ್ರದ ಪ್ರಕಾರ ಮಿತಿಯ ತುದಿಯವರೆಗೆ ತುಂಬಿದ ಅಚ್ಚಿನಿಂದಾಗುವ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನಮ್ಮ ಸ್ಕೂಟರು, ಕಾರುಗಳಿಂದ ರಸ್ತೆಗೆ ಆಗುವ ಹಾನಿ ಇದರ ಮುಂದೆ ಏನೂ ಅಲ್ಲ. ಗುಂಡಿಗೆ ಬೀಳುವವರು ಮಾತ್ರ ನಾವೇ.

ಮಣ್ಣಿನ ವಿಷಯ ಉತ್ತರ ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ನಮ್ಮ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಧಾರವಾಡ, ಬಾಗಲಕೋಟೆ, ವಿಜಯಪುರದಿಂದ ಸೊಲ್ಲಾಪುರದವರೆಗೂ ಇದೇ ಮಣ್ಣು. ಇದರ ಮೇಲೆ ರಸ್ತೆ ಕಟ್ಟುವಾಗ ಸುಣ್ಣ ಬೆರೆಸಿ ಹದಗೊಳಿಸಬೇಕು ಅಥವಾ ಒಳ್ಳೆಯ ಮಣ್ಣನ್ನು ತಂದು ದಪ್ಪಗೆ ಹಾಕಬೇಕು. ಪ್ರಯೋಗಾಲಯದಲ್ಲಿ ಮಣ್ಣಿನ ಬಲ ಅಳೆಯುವಾಗ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಅಳೆಯುತ್ತೇವೆ. ಒಣಗಿದಾಗ ಎಲ್ಲ ಮಣ್ಣೂ ಬಲಶಾಲಿಯೇ. ನೆನೆದಾಗ ಎಷ್ಟು ನಿಲ್ಲುತ್ತದೆ ಎನ್ನುವುದೇ ನಿಜವಾದ ಬಲ.

ಇನ್ನು ನೀರು. ‘ಮಳೆ ಜಾಸ್ತಿ, ಅದಕ್ಕೇ ರಸ್ತೆ ಹಾಳಾಯಿತು’ ಎನ್ನುವ ಮಾತನ್ನು ಪ್ರತಿ ಜುಲೈನಲ್ಲಿ ಕೇಳುತ್ತೇವೆ. ಇಲ್ಲಿ ಉಡುಪಿ, ಮಂಗಳೂರಿನಿಂದ ಬಂದವರು ಬಹಳ ಜನ ಇದ್ದೀರಿ. ನಿಮ್ಮೂರಿನಲ್ಲಿ ಮುಂಬಯಿಗಿಂತ ಹೆಚ್ಚು ಮಳೆ. ಅಲ್ಲಿ ಬದಿಯ ತೋಡು ಸ್ವಚ್ಛವಾಗಿದ್ದು, ರಸ್ತೆಗೆ ಸರಿಯಾದ ಇಳಿಜಾರು ಇರುವ ಕಡೆ ರಸ್ತೆ ಬಾಳುತ್ತದೆ. ಅದೇ ಊರಿನಲ್ಲಿ ತೋಡು ಮುಚ್ಚಿದ ಕಡೆ ಕೆಡುತ್ತದೆ. ಮಳೆ ಬಂದು ಹರಿದು ಹೋದರೆ ರಸ್ತೆಗೆ ಅಂಥ ತೊಂದರೆ ಇಲ್ಲ. ನಿಂತ ನೀರೇ ಶತ್ರು. ರಸ್ತೆಯ ನಡುವಿನಿಂದ ಅಂಚಿಗೆ ಮೀಟರಿಗೆ ಎರಡು, ಎರಡೂವರೆ ಸೆಂಟಿಮೀಟರಿನಷ್ಟು ಇಳಿಜಾರು ಇಡುವುದು ಇದಕ್ಕೇ. ನೀರು ಬಿರುಕಿನಲ್ಲಿ ಇಳಿದ ಮೇಲೆ ಪ್ರತಿ ಚಕ್ರವೂ ಅದನ್ನು ಪಂಪಿನಂತೆ ಒಳಗೆ ಒತ್ತುತ್ತದೆ. ಆ ಒತ್ತಡಕ್ಕೆ ಜಲ್ಲಿಯ ಮೈಮೇಲಿನ ಬಿಟುಮೆನ್ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ, ಅಡಿಯ ಸಣ್ಣ ಮಣ್ಣು ಕೆಸರಾಗಿ ಮೇಲೆ ಬರುತ್ತದೆ. ಬಿರುಕಿನ ಸುತ್ತ ಬೂದಿ ಬಣ್ಣದ ಕೆಸರಿನ ಗುರುತು ಕಂಡರೆ ಅಲ್ಲಿ ಕೆಲವೇ ದಿನಗಳಲ್ಲಿ ಗುಂಡಿ ಬೀಳುತ್ತದೆ ಎಂದು ತಿಳಿಯಿರಿ.

ಈಗ ಒಂದು ಪ್ರಕರಣ ಹೇಳುತ್ತೇನೆ. ಊರಿನ, ಜನರ ಹೆಸರು ಹೇಳುವುದಿಲ್ಲ. ಒಂದು ಉಪನಗರದ ಒಳರಸ್ತೆ. ಹೊಸದಾಗಿ ಡಾಂಬರು ಹಾಕಿ ಎರಡು ಮಳೆಗಾಲ ಆಗಿತ್ತು. ಉದ್ದದ ರಸ್ತೆಯಲ್ಲಿ ಒಂದು ಬದಿಯ ಸ್ವಲ್ಪ ಭಾಗ ಮಾತ್ರ ಪ್ರತಿ ವರ್ಷ ಕಿತ್ತು ಹೋಗುತ್ತಿತ್ತು. ಗುತ್ತಿಗೆದಾರ ಎರಡು ಸಲ ಮೇಲೆ ತೇಪೆ ಹಾಕಿದ್ದ. ಎರಡನೆಯ ಮಳೆಗಾಲದಲ್ಲಿ ಅಲ್ಲಿಯೇ ವಾಸವಿದ್ದ, ಅರವತ್ತು ದಾಟಿದ ಒಬ್ಬ ಮಹಿಳೆ ಮಗನ ಸ್ಕೂಟರಿನ ಹಿಂದಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಜನ ರೊಚ್ಚಿಗೆದ್ದರು. ಡಾಂಬರು ಕದ್ದಿದ್ದಾರೆ ಎಂದು ಎಲ್ಲರ ಮಾತು. ಕೆಲಸ ಇನ್ನೂ ಗ್ಯಾರಂಟಿ ಅವಧಿಯಲ್ಲಿತ್ತು. ಗುತ್ತಿಗೆದಾರನ ತಪ್ಪೆಂದು ಸಾಬೀತಾದರೆ ಅವನು ಸ್ವಂತ ಖರ್ಚಿನಿಂದ ಪೂರ್ತಿ ಕಿತ್ತು ಹಾಕಬೇಕು, ಮುಂದೆ ಕೆಲಸವೂ ಸಿಗುವುದಿಲ್ಲ. ಅವನು ಮಳೆಯನ್ನು ದೂರಿದ. ವರದಿ ನಮ್ಮ ಪಾಲಿಗೆ ಬಂತು.

ನಾವು ಫೆಬ್ರವರಿಯಲ್ಲಿ, ಒಣ ದಿನಗಳಲ್ಲಿ ಹೋದೆವು. ನಾನು ಮೊದಲು ಕೇಳಿದ ಪ್ರಶ್ನೆ, ಉಳಿದ ರಸ್ತೆ ಏಕೆ ಚೆನ್ನಾಗಿದೆ ಎಂಬುದು. ಗುತ್ತಿಗೆದಾರ ಒಬ್ಬನೇ, ಮಿಶ್ರಣ ಬಂದದ್ದು ಒಂದೇ ಘಟಕದಿಂದ, ಬಿದ್ದ ಮಳೆಯೂ ಒಂದೇ. ಡಾಂಬರು ಕದ್ದಿದ್ದರೆ ರಸ್ತೆ ಪೂರ್ತಿ ಕೆಡಬೇಕು. ಮಳೆಯೇ ಕಾರಣವಾಗಿದ್ದರೂ ಪೂರ್ತಿ ಕೆಡಬೇಕು. ತನಿಖೆಯಲ್ಲಿ ಕೆಟ್ಟ ಜಾಗದಷ್ಟೇ ಒಳ್ಳೆಯ ಜಾಗವನ್ನೂ ಪರೀಕ್ಷಿಸಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ಎಲ್ಲರೂ ತಮಗೆ ಬೇಕಾದ ಕಾರಣ ಹೇಳಿಬಿಡುತ್ತಾರೆ.

ಎರಡೂ ಕಡೆಯಿಂದ ಕೊರೆಯುವ ಯಂತ್ರದಲ್ಲಿ ದುಂಡನೆಯ ಮಾದರಿಗಳನ್ನು ತೆಗೆದೆವು. ಒಳ್ಳೆಯ ಕಡೆಯ ಮಾದರಿ ಗಟ್ಟಿಯಾಗಿ ಒಂದೇ ತುಂಡಾಗಿ ಬಂತು. ಕೆಟ್ಟ ಕಡೆಯದು ಕೈಯಲ್ಲೇ ಪುಡಿಯಾಯಿತು. ಅದರ ಮೇಲಿನ ಅರ್ಧ ಕಪ್ಪಗಿತ್ತು, ಕೆಳಗಿನ ಅರ್ಧದಲ್ಲಿ ಜಲ್ಲಿ ತೊಳೆದಿಟ್ಟಂತೆ ಬರಿಮೈಯಾಗಿತ್ತು. ನೀರು ಮೇಲಿನಿಂದ ಬಂದಿದ್ದರೆ ಮೊದಲು ಕೆಡಬೇಕಾದದ್ದು ಮೇಲಿನ ಭಾಗ. ಇಲ್ಲಿ ನೀರು ಕೆಳಗಿನಿಂದ ಬಂದಿತ್ತು. ಪ್ರಯೋಗಾಲಯದಲ್ಲಿ ದ್ರಾವಕ ಹಾಕಿ, ಬಿಟುಮೆನ್ ಬೇರ್ಪಡಿಸಿ ತೂಗಿದಾಗ ಒಳ್ಳೆಯ ಕಡೆಯ ಮಾದರಿಯಲ್ಲೂ, ಕೆಟ್ಟ ಕಡೆಯ ಮಾದರಿಯ ಕಪ್ಪಗಿದ್ದ ಭಾಗದಲ್ಲೂ ಪ್ರಮಾಣ ಸರಿಯಾಗಿಯೇ ಇತ್ತು.

ಆಮೇಲೆ ಅಗೆದು ನೋಡಿದೆವು. ಫೆಬ್ರವರಿಯಲ್ಲೂ ಗುಂಡಿಯ ತಳ ಕೆಸರು. ವಿಚಿತ್ರವೆಂದರೆ ಮಧ್ಯಾಹ್ನ ನೀರು ಇಳಿಯುತ್ತಿತ್ತು, ಬೆಳಿಗ್ಗೆ ಏರುತ್ತಿತ್ತು. ಪಕ್ಕದ ಮನೆಯವರು ಒಬ್ಬರು, ‘ಬೆಳಿಗ್ಗೆ ನಳದಲ್ಲಿ ನೀರು ಬಿಡುವ ಹೊತ್ತಿಗೇ ಅಲ್ಲವೇ ಮೇಡಂ’ ಎಂದರು. ಅವರ ಮಾತು ಹಿಡಿದುಕೊಂಡು ಗುಂಡಿಯ ನೀರಿಗೆ ಕ್ಲೋರಿನ್ ಪರೀಕ್ಷೆ ಮಾಡಿದೆವು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ನೆಲದಲ್ಲಿ ತಾನಾಗಿ ಊರುವ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ರಸ್ತೆಯ ಅಡಿಯ ಹಳೆಯ ಕುಡಿಯುವ ನೀರಿನ ಪೈಪು ಸೋರುತ್ತಿತ್ತು. ಅದರ ಪಕ್ಕದಲ್ಲೇ ಯಾವುದೋ ಕೇಬಲಿಗೆ ಅಗೆದ ಕಾಲುವೆಯನ್ನು ಕಟ್ಟಡದ ಡೆಬ್ರಿ ತುಂಬಿ, ಗಟ್ಟಿ ಮಾಡದೆ ಮುಚ್ಚಿದ್ದರು. ಸೋರಿದ ನೀರು ಆ ಸಡಿಲು ಜಾಗದಲ್ಲಿ ಹರಡಿಕೊಳ್ಳುತ್ತಿತ್ತು. ಮಳೆನೀರಿನ ಗಟಾರದ ಬಾಯಿ ಹೂಳಿನಿಂದ ಮುಚ್ಚಿದ್ದರಿಂದ ಮಳೆಗಾಲದ ನೀರೂ ಅದಕ್ಕೆ ಕೂಡಿತು.

ವರದಿಯಲ್ಲಿ ಇದನ್ನೆಲ್ಲ ಬರೆದೆ. ಗುತ್ತಿಗೆದಾರನದೂ ತಪ್ಪಿತ್ತು, ಅದನ್ನೂ ಬರೆದೆ. ಅಂಚಿನಲ್ಲಿ ಡಾಂಬರಿನ ದಪ್ಪ ಹೇಳಿದಷ್ಟು ಇರಲಿಲ್ಲ. ನೀರು ಕಂಡ ಮೇಲೂ ಕಾರಣ ಹುಡುಕದೆ ಎರಡು ಸಲ ತೇಪೆ ಹಚ್ಚಿದ್ದ. ಆದರೆ ಮುಖ್ಯ ಕಾರಣ ಅದಲ್ಲ. ವರದಿ ಓದಿದ ಸಭೆಯಲ್ಲಿ ಒಬ್ಬರು ಎದ್ದು, ‘ಮೇಡಂ, ನೀವು ಯಾರ ಕಡೆ?’ ಎಂದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಮೂಳೆ ಮುರಿದುಕೊಂಡವರು ಅವರ ತಾಯಿ. ನಾನು ಹೇಳಿದ್ದಿಷ್ಟು: ‘ಗುತ್ತಿಗೆದಾರನ ಕೈಯಿಂದ ನಾಳೆಯೇ ಪೂರ್ತಿ ಹೊಸ ಡಾಂಬರು ಹಾಕಿಸಬಹುದು. ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಇನ್ನೊಬ್ಬರ ತಾಯಿ ಬೀಳುತ್ತಾರೆ.’ ಅವರು ಸುಮ್ಮನೆ ಕೂತರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಪೈಪು ಬದಲಾಯಿಸಲು ಎರಡು ವಿಭಾಗಗಳ ನಡುವೆ ಪತ್ರ ಓಡಾಡಿ ಏಪ್ರಿಲ್ ಮುಗಿಯಿತು. ಮೇ ತಿಂಗಳಲ್ಲಿ ಪೈಪು ಹಾಕಿ, ಡೆಬ್ರಿ ತೆಗೆದು, ಅಡಿಯಿಂದ ಪದರ ಪದರವಾಗಿ ತುಂಬಿ, ಗಟಾರದ ಬಾಯಿ ಬಿಡಿಸಿ, ಗುತ್ತಿಗೆದಾರನಿಂದಲೇ ಡಾಂಬರು ಹಾಕಿಸಿದರು. ಆಮೇಲಿನ ಮಳೆಗಾಲಗಳಲ್ಲಿ ಆ ಭಾಗ ಕಿತ್ತು ಬಂದಿಲ್ಲ. ಆ ತಾಯಿ ಈಗ ಕೋಲು ಹಿಡಿದು ನಡೆಯುತ್ತಾರೆ. ರಸ್ತೆ ಸರಿಯಾದರೂ ಅವರ ನಡಿಗೆ ಮೊದಲಿನಂತಾಗಲಿಲ್ಲ.

ಎಲ್ಲ ಕಡೆ ಕಾಂಕ್ರೀಟ್ ಹಾಕಿದರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕಾಂಕ್ರೀಟಿಗೆ ನೀರಿನ ಭಯ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಅಡಿಯ ಮಣ್ಣು ಕೊಚ್ಚಿ ಹೋದರೆ ಕಾಂಕ್ರೀಟಿನ ಚಪ್ಪಡಿಯೂ ಸೀಳುತ್ತದೆ. ಪೈಪಿಗಾಗಿ ಅಗೆಯಬೇಕಾದಾಗ ಅದನ್ನು ಒಡೆದು ಮತ್ತೆ ಕೂಡಿಸುವುದು ಡಾಂಬರಿಗಿಂತ ಕಷ್ಟ. ಆದ್ದರಿಂದ ಅಡಿಯ ಕೆಲಸವೆಲ್ಲ ಮೊದಲು ಮುಗಿಯಬೇಕು.

ನಾವು ಏನು ಮಾಡಬಹುದು? ಮೊದಲನೆಯದು, ದೂರು ಕೊಡುವಾಗ ‘ರಸ್ತೆ ಸರಿಯಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ಕಂಬದ ಹತ್ತಿರ, ಯಾವ ತಾರೀಖಿನಿಂದ, ನೀರು ಯಾವ ಹೊತ್ತಿನಲ್ಲಿ ನಿಲ್ಲುತ್ತದೆ, ಮೊದಲು ಅಲ್ಲಿ ಅಗೆದಿದ್ದರೇ ಎಂದು ಬರೆಯಿರಿ. ಪಕ್ಕದಲ್ಲಿ ಒಂದು ಚಪ್ಪಲಿ ಇಟ್ಟು ಫೋಟೋ ತೆಗೆದರೆ ಅಳತೆಯೂ ತಿಳಿಯುತ್ತದೆ. ಒಣ ದಿನದಲ್ಲಿ ತೇವ ಕಂಡರೆ ಅದನ್ನು ಖಂಡಿತ ಬರೆಯಿರಿ. ನಮ್ಮ ಪ್ರಕರಣದಲ್ಲಿ ದಾರಿ ತೋರಿಸಿದ್ದು ಬೆಳಿಗ್ಗೆ ನೀರು ಹಿಡಿಯುವ ಒಬ್ಬ ಗೃಹಿಣಿ.

ಎರಡನೆಯದು, ಮೇ ತಿಂಗಳಲ್ಲಿ ನಿಮ್ಮ ಸೊಸೈಟಿಯ ಮುಂದಿನ ಗಟಾರದ ಬಾಯಿ ನೋಡಿ. ಪ್ಲಾಸ್ಟಿಕ್ ಚೀಲ, ಹೂವು, ಕಟ್ಟಡದ ಮಣ್ಣು ತುಂಬಿದ್ದರೆ ಮಳೆಗೆ ಮೊದಲೇ ತೆಗೆಸಿ. ಸೊಸೈಟಿಯ ನೀರು ನೇರವಾಗಿ ರಸ್ತೆಗೆ ಹರಿಯುತ್ತಿದ್ದರೆ ಅದು ನಮ್ಮದೇ ಜವಾಬ್ದಾರಿ.

ಮೂರನೆಯದು, ಗುಂಡಿ ಮುಚ್ಚುವಾಗ ನೋಡಿ. ಸರಿಯಾದ ಕ್ರಮದಲ್ಲಿ ಗುಂಡಿಯನ್ನು ಚೌಕಾಕಾರವಾಗಿ, ಬದಿ ನೆಟ್ಟಗೆ ಇರುವಂತೆ ಕತ್ತರಿಸಿ, ಸಡಿಲಾದದ್ದನ್ನೆಲ್ಲ ತೆಗೆದು ಒಣಗಿಸಿ, ಬಿಟುಮೆನ್ ಸವರಿ, ಪದರ ಪದರವಾಗಿ ತುಂಬಿ ಗಟ್ಟಿ ಮಾಡುತ್ತಾರೆ. ನಿಂತ ನೀರಿನ ಮೇಲೆ ಸಲಿಕೆಯಿಂದ ಮಿಶ್ರಣ ಸುರಿದು ಬೂಟಿನಲ್ಲಿ ತುಳಿದರೆ ಅದು ನಾಲ್ಕು ದಿನ ಉಳಿಯುವುದಿಲ್ಲ.

ನಾಲ್ಕನೆಯದು, ಕೇಳಿ. ಕಾಮಗಾರಿಯ ಗ್ಯಾರಂಟಿ ಅವಧಿ ಎಷ್ಟು, ಪರೀಕ್ಷೆಯ ವರದಿ ಎಲ್ಲಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು. ಸುಸ್ಥಿತಿಯಲ್ಲಿರುವ ರಸ್ತೆ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿ ಹೇಳಿದೆ. ಆದ್ದರಿಂದ ನಾವು ಯಾರ ಉಪಕಾರವನ್ನೂ ಬೇಡುತ್ತಿಲ್ಲ.

ಕೊನೆಗೆ ಇಲ್ಲಿ ಕೂತಿರುವ ಹುಡುಗಿಯರಿಗೆ ಒಂದು ಮಾತು. ನಾನು ಕೆಲಸಕ್ಕೆ ಸೇರಿದಾಗ ರಾತ್ರಿ ಹೊತ್ತು ರಸ್ತೆಯಲ್ಲಿ ಹೆಲ್ಮೆಟ್ ಹಾಕಿ ನಿಂತ ಹೆಂಗಸನ್ನು ಜನ ನಿಂತು ನೋಡುತ್ತಿದ್ದರು. ಈಗ ನಮ್ಮ ಪ್ರಯೋಗಾಲಯದಲ್ಲಿ ಹಲವು ಹುಡುಗಿಯರಿದ್ದಾರೆ. ಬಿಸಿಲು, ಧೂಳು, ಹೊಗೆ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟಿನಲ್ಲಿರುವ ಹತ್ತು ಜನರ ನಡುವೆ ನಿಂತು, ಅಗೆದು ನೋಡಿ, ಅಳೆದು, ಕಂಡದ್ದನ್ನು ಕಂಡ ಹಾಗೆ ಬರೆಯುವ ಕೆಲಸ ಇದು. ಆಸಕ್ತಿ ಇರುವವರು ಕಾರ್ಯಕ್ರಮ ಮುಗಿದ ಮೇಲೆ ಬಂದು ಮಾತಾಡಿಸಿ. ಪ್ರಯೋಗಾಲಯ ತೋರಿಸಲು ನಾನು ಸಿದ್ಧ.